ಈ ಬೆಳ್ಳಿ ರೂಪಾಯಿಯ ಬಣ್ಣ ತಾನಾಗಿ ಬಂದದ್ದಾ, ಬರಿಸಿದ್ದಾ?

ಹಾಸನದ ಹುಡುಗ
ಎಲ್ಲರಿಗೂ ನಮಸ್ಕಾರ. ಹೋದ ಭಾನುವಾರ ಒಂದು ನಾಣ್ಯ ಮೇಳದಲ್ಲಿ 1918ರ ಬೆಳ್ಳಿ ರೂಪಾಯಿ ತಗೊಂಡೆ. ಐದನೇ ಜಾರ್ಜ್ ತಲೆ ಇರುವುದು. 7,000 ಕೊಟ್ಟೆ. ಅದೇ ಟೇಬಲ್ ಮೇಲೆ ಅದೇ ವರ್ಷದ ಬಿಳಿ ರೂಪಾಯಿಗಳು ಅರ್ಧಕ್ಕಿಂತ ಕಮ್ಮಿಗೆ ಇದ್ದವು. ಜಾಸ್ತಿ ಕೊಟ್ಟದ್ದು ಬಣ್ಣಕ್ಕೆ. ನವಿಲಿನ ಕತ್ತಿನ ನೀಲಿ, ಪಕ್ಕದಲ್ಲಿ ನೇರಳೆ, ರಾಜನ ಕಿವಿ ಹತ್ತಿರ ಒಂದು ಹಳದಿ ಮಚ್ಚೆ. ತಿರುಗಿಸಿದರೆ ಹಿಂದೆಯೂ ಅದೇ ನೀಲಿ, ಅದೇ ನೇರಳೆ.

ಸಕಲೇಶಪುರದ ಕಡೆ ಒಂದು ಎಸ್ಟೇಟ್ ಬಂಗಲೆಯಲ್ಲಿ ಮಖಮಲ್ ಪೆಟ್ಟಿಗೆಯೊಳಗೆ 80 ವರ್ಷ ಇತ್ತು, ಅದಕ್ಕೇ ಈ ಬಣ್ಣ ಅಂತ ಮಾರಿದವರು ಹೇಳಿದರು. ಆಗ ನಂಬಿದೆ. ಮನೆಗೆ ತಂದು ಅಪ್ಪನಿಗೆ ತೋರಿಸಿದರೆ, "ಇದೇನೋ, ನೀರು ಆರಿಹೋದ ಮೇಲೂ ಒಲೆ ಮೇಲೆ ಬಿಟ್ಟ ಸ್ಟೀಲ್ ಪಾತ್ರೆ ತಳ ಇದ್ದ ಹಾಗಿದೆ" ಅಂದರು. ಆವತ್ತಿನಿಂದ ಮನಸ್ಸಿಗೆ ಸಮಾಧಾನ ಇಲ್ಲ.

ವಾಪಸ್ ಕೊಡಲು 10 ದಿನ ಟೈಮ್ ಕೊಟ್ಟಿದ್ದಾರೆ, 4 ದಿನ ಆಗಿಹೋಯಿತು. ತಾನಾಗಿ ಬಂದ ಬಣ್ಣ ಯಾವುದು, ಬರಿಸಿದ್ದು ಯಾವುದು ಅಂತ ಹೇಗೆ ನೋಡುವುದು? ಗೊತ್ತಿರುವವರು ದಯವಿಟ್ಟು ಹೇಳಿ.

ಅರಸೀಕೆರೆ ಜಂಕ್ಷನ್
ಎರಡೂ ಬದಿ ಒಂದೇ ಥರ ಅಂದಿರಲ್ಲ, ಅಲ್ಲಿಗೇ ಉತ್ತರ ಸಿಕ್ಕಿತು. ವಾಪಸ್ ಕೊಡಿ.

ಕಾಫಿ ರೈಟರ್
ಅಷ್ಟು ಬೇಗ ತೀರ್ಪು ಬೇಡ. ಮೂಡಿಗೆರೆ ಕಡೆ ಎಸ್ಟೇಟ್‌ಗಳಲ್ಲಿ 22 ವರ್ಷ ಲೆಕ್ಕ ಬರೆಯುವ ರೈಟರ್ ಆಗಿದ್ದೇನೆ. ಹಳೇ ಬಂಗಲೆಗಳಲ್ಲಿ ಬೆಳ್ಳಿ ಸಾಮಾನಿಗೆ ಎಂತೆಂಥ ಬಣ್ಣ ಬಂದಿದ್ದನ್ನು ಕಣ್ಣಾರೆ ಕಂಡಿದ್ದೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ. ಅದೂ ಅಲ್ಲದೆ ಗಿಡಕ್ಕೆ ಬೋರ್ಡೋ ಔಷಧಿ ಸಿಂಪಡಿಸಲು ಮೈಲುತುತ್ತದ ಚೀಲಗಳು ಗೋಡೌನ್ ತುಂಬಾ ಇರುತ್ತವೆ. ಮೈಲುತುತ್ತದಲ್ಲಿ ಗಂಧಕ ಇದೆ. ಬೆಳ್ಳಿಗೆ ಬಣ್ಣ ಬರಲು ಗಂಧಕ ತಾನೇ ಬೇಕಾಗಿರುವುದು?

ಕೆಮಿಸ್ಟ್ರಿ ಮೇಷ್ಟ್ರು
ರೈಟರ್ ಸರ್, ಮಳೆಯ ಮಾತು ಪೂರ್ತಿ ಒಪ್ಪುತ್ತೇನೆ. ತೇವ ಜಾಸ್ತಿ ಇದ್ದಷ್ಟೂ ಬೆಳ್ಳಿ ಬೇಗ ಮಾಸುತ್ತದೆ. ಆದರೆ ಮೈಲುತುತ್ತದ ಮಾತು ಒಪ್ಪುವುದಿಲ್ಲ. ಅದು ತಾಮ್ರದ ಸಲ್ಫೇಟ್. ಅದರಲ್ಲಿರುವ ಗಂಧಕ ಆಮ್ಲಜನಕದ ಜೊತೆ ಗಟ್ಟಿಯಾಗಿ ಸೇರಿಕೊಂಡಿರುತ್ತದೆ, ಗಾಳಿಗೆ ಬಿಟ್ಟು ಬರುವುದಿಲ್ಲ. ಬೆಳ್ಳಿಯನ್ನು ಮುಖ್ಯವಾಗಿ ಮಾಸಿಸುವುದು ಹೈಡ್ರೋಜನ್ ಸಲ್ಫೈಡ್, ಕೊಳೆತ ಮೊಟ್ಟೆ ವಾಸನೆಯ ಅನಿಲ. ಚರಂಡಿ, ಕೊಳೆಯುವ ಸೊಪ್ಪು ಸದೆ, ಉಣ್ಣೆ ಬಟ್ಟೆ, ರಬ್ಬರ್ ಬ್ಯಾಂಡ್, ಕಳಪೆ ರಟ್ಟು, ಇವೆಲ್ಲ ಅಂಥ ಗಂಧಕದ ಅಂಶವನ್ನು ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಶುದ್ಧ ಗಂಧಕದ ಪುಡಿ ಹತ್ತಿರ ಇಟ್ಟರೂ ಬೆಳ್ಳಿ ಮಾಸುತ್ತದೆ.

ಇನ್ನು ಬಣ್ಣದ ವಿಷಯ. ಬೆಳ್ಳಿಯ ಮೇಲೆ ಸಿಲ್ವರ್ ಸಲ್ಫೈಡ್ ಪದರ ಕೂರುತ್ತದೆ. ಅದರ ದಪ್ಪ ಕೆಲವು ಹತ್ತು ನ್ಯಾನೋಮೀಟರ್. ನೀಲಿ ಅನ್ನುವ ಬಣ್ಣದ ವಸ್ತು ಅಲ್ಲಿ ಇಲ್ಲವೇ ಇಲ್ಲ. ಮಳೆಗಾಲದಲ್ಲಿ ಬಸ್ ಸ್ಟ್ಯಾಂಡಿನ ನೀರಿನ ಮೇಲೆ ಡೀಸೆಲ್ ಹರಡಿ ಕಾಮನಬಿಲ್ಲು ಕಾಣಿಸುತ್ತದಲ್ಲ, ಅದೇ ಲೆಕ್ಕ. ಪದರದ ಮೇಲಿಂದ ವಾಪಸ್ ಬರುವ ಬೆಳಕೂ ತಳದಿಂದ ಬರುವ ಬೆಳಕೂ ಸೇರಿ ಕೆಲವು ಬಣ್ಣ ಅಳಿಸುತ್ತವೆ, ಕೆಲವು ಎದ್ದು ಕಾಣುತ್ತವೆ. ಪದರ ದಪ್ಪವಾದ ಹಾಗೆ ಬಣ್ಣ ಬದಲಾಗುತ್ತದೆ. ಮೊದಲು ತಿಳಿ ಹಳದಿ, ಆಮೇಲೆ ಕೆಂಪು ಬೆರೆತ ಕಂದು, ನೇರಳೆ, ನೀಲಿ. ಇನ್ನೂ ದಪ್ಪವಾದರೆ ಮತ್ತೊಂದು ಸುತ್ತು ಹಳದಿ, ಗುಲಾಬಿ, ಹಸಿರು. ಕೊನೆಗೆ ಬೂದು, ಕಪ್ಪು.

ಹಾಗಾಗಿ ಹಳದಿಯಿಂದ ನೀಲಿಗೆ ಹೋಗಬೇಕಾದರೆ ನಡುವೆ ಕೆಂಪು, ನೇರಳೆ ಬರಲೇಬೇಕು. ನಿಮ್ಮ ರಾಜನ ಕಿವಿ ಹತ್ತಿರದ ಹಳದಿ ಮಚ್ಚೆಯ ಸುತ್ತ ಕೆಂಪು ಗೆರೆ ಇದೆಯಾ, ನೇರವಾಗಿ ನೀಲಿಗೆ ಹಾರಿದೆಯಾ? ಅದನ್ನು ಮೊದಲು ನೋಡಿ.

ಹಾಸನದ ಹುಡುಗ
ಮೇಷ್ಟ್ರೇ, ಭೂತಗನ್ನಡಿ ಹಿಡಿದು ನೋಡಿದೆ. ಹಳದಿ, ತುಂಬಾ ಸಣ್ಣ ಕಂದು ಗೆರೆ, ತಕ್ಷಣ ನೀಲಿ. ಕಂದು ಗೆರೆ ಕೂದಲೆಳೆಯಷ್ಟೇ ಇದೆ.

ಕೆಮಿಸ್ಟ್ರಿ ಮೇಷ್ಟ್ರು
ಅಂದರೆ ಅಷ್ಟು ಕಡಿಮೆ ಜಾಗದಲ್ಲಿ ಪದರದ ದಪ್ಪ ಸರಕ್ಕನೆ ಏರಿದೆ. ದ್ರವದ ಹನಿ ನಿಂತ ಜಾಗದ ಅಂಚು ಹೀಗೆ ಕಾಣುತ್ತದೆ. ಅನುಮಾನ ಪಡಬೇಕಾದ್ದೇ. ಆದರೆ ಇದೊಂದನ್ನೇ ನಂಬಬೇಡಿ.

ಒರೆಗಲ್ಲು
ಮೇಷ್ಟ್ರ ಮಾತಿಗೆ ಒಂದು ತಿದ್ದುಪಡಿ. ಬಣ್ಣದ ಕ್ರಮ ಸರಿ ಇದ್ದ ಮಾತ್ರಕ್ಕೆ ತಾನಾಗಿ ಬಂದದ್ದು ಅನ್ನಲಾಗದು. ಗಂಧಕದಿಂದ ಒಂದೇ ರಾತ್ರಿಯಲ್ಲಿ ಬರಿಸಿದರೂ ಅದೇ ಸಲ್ಫೈಡ್, ಅದೇ ಕ್ರಮ. ಕ್ರಮ ತಪ್ಪಿದ್ದರೆ ಕಳ್ಳ ಸಿಕ್ಕಿಬಿದ್ದ. ಕ್ರಮ ಸರಿ ಇದ್ದರೆ ಪರೀಕ್ಷೆ ಇನ್ನೂ ಮುಗಿದಿಲ್ಲ, ಅಷ್ಟೇ.

ನಾನು ನೋಡುವುದು ಅಕ್ಷರದ ಬುಡ. ಚೆನ್ನಾಗಿ ಉಳಿದ ರೂಪಾಯಿಯಲ್ಲಿ ತಾನಾಗಿ ಬಂದ ಬಣ್ಣ ಅಂಚಿನಿಂದ ನಡುವಿಗೆ ನಿಧಾನ ಹರಿದಿರುತ್ತದೆ. ಅಕ್ಷರದ ಹತ್ತಿರ ಬಂದಾಗ ಆ ಬಣ್ಣ ಸ್ವಲ್ಪ ಹಿಂದೆ ಸರಿದು ನಿಂತ ಹಾಗೆ ಕಾಣುತ್ತದೆ. ಉಬ್ಬು ಅಕ್ಷರದ ಸುತ್ತ ಸಣ್ಣ ತಿಳಿ ಬಣ್ಣದ ಗೆರೆ ಉಳಿಯುತ್ತದೆ. ಎಲ್ಲ ನಾಣ್ಯದಲ್ಲೂ ಇರುವುದಿಲ್ಲ, ಆದರೆ ಇದ್ದರೆ ನನಗೆ ಧೈರ್ಯ ಬರುತ್ತದೆ. ಬರಿಸಿದ ಬಣ್ಣ ನಾಣ್ಯದ ಖಾಲಿ ಬಯಲು, ಅಕ್ಷರ, ಮೂಗು, ಕಿರೀಟ ಅಂತ ನೋಡದೆ ಎಲ್ಲದರ ಮೇಲೂ ಒಂದೇ ಸಮ ಹಾಸಿಕೊಂಡಿರುತ್ತದೆ.

ಎರಡನೆಯದು ಸವೆತ. ನಿಮ್ಮ ರೂಪಾಯಿ ಚಲಾವಣೆಯಲ್ಲಿ ತಿರುಗಿದ್ದಾ, ಹೊಸದರ ಹಾಗೇ ಇದೆಯಾ?

ಹಾಸನದ ಹುಡುಗ
ತಿರುಗಿದೆ ಸರ್. ರಾಜನ ಗಡ್ಡ, ಕಿವಿ, ಕಿರೀಟದ ಮುತ್ತುಗಳು ಸವೆದಿವೆ.

ಒರೆಗಲ್ಲು
ಹಾಗಾದರೆ ನನ್ನ ಅನುಮಾನ ಇನ್ನೂ ಜಾಸ್ತಿ ಆಯಿತು. ಇಂಥ ಉಜ್ವಲ ಬಣ್ಣ ಚೆನ್ನಾಗಿ ಹೊಳೆಯಬೇಕಾದರೆ ಕೆಳಗೆ ಟಂಕಸಾಲೆಯ ಮೂಲ ಮೆರುಗು ಇರಬೇಕು. ನಾಲ್ಕಾರು ಕೈ ತಿರುಗಿದ ರೂಪಾಯಿ ತಾನಾಗಿ ಮಾಸಿದರೆ ಬೂದು ಬಣ್ಣ ಬರುತ್ತದೆ. ಅಕ್ಷರದ ಸಂದಿಯಲ್ಲಿ ಕಪ್ಪು ಕೂತಿರುತ್ತದೆ, ಕೈ ತಾಗುವ ಉಬ್ಬು ಜಾಗ ಬೆಳ್ಳಗಿರುತ್ತದೆ. ಸವೆದ ಗಡ್ಡದ ಮೇಲೂ ನವಿಲು ಬಣ್ಣ ಇದ್ದರೆ, ಆ ಬಣ್ಣ ನಾಣ್ಯ ಸವೆದ ಮೇಲೆ ಬಂದದ್ದು. ಅದಕ್ಕೂ ಮೊದಲು ಯಾರೋ ಚೆನ್ನಾಗಿ ತೊಳೆದಿದ್ದಾರೆ.

ಬೇಲೂರು ಬಸ್
ನನ್ನ ಹತ್ತಿರವೂ ಹತ್ತು ಹದಿನೈದು ಕಪ್ಪು ರೂಪಾಯಿ ಇವೆ. ಹುಣಸೆಹಣ್ಣು ಹಾಕಿ ತಿಕ್ಕಿದರೆ ಫಳಫಳ ಅನ್ನುತ್ತವೆ. ಈ ಬಣ್ಣದ ತಲೆನೋವೇ ಇರುವುದಿಲ್ಲ.

ಚಿಕ್ಕಮಗಳೂರು ಅಕ್ಕ
ಅಯ್ಯೋ ತಮ್ಮ, ದಯವಿಟ್ಟು ಹಾಗೆ ಮಾಡಬೇಡ! ಇನ್ನು ಮುಂದೆ ಒಂದನ್ನೂ ಮುಟ್ಟಬೇಡ. ಹುಣಸೆಹಣ್ಣು, ವಿಭೂತಿ, ಹಲ್ಲುಪುಡಿ, ಯಾವುದರಲ್ಲಿ ತಿಕ್ಕಿದರೂ ಕೂದಲಿನಂಥ ಗೀರು ಬೀಳುತ್ತವೆ. ಒಮ್ಮೆ ಬಿದ್ದ ಗೀರು ಹೋಗುವುದಿಲ್ಲ. ನಮ್ಮ ಅತ್ತೆ ಪ್ರತಿ ವರ್ಷ ವರಮಹಾಲಕ್ಷ್ಮಿ ಹಬ್ಬಕ್ಕೆ ಕಲಶದ ರೂಪಾಯಿಗಳನ್ನು ಬೂದಿ ಹಾಕಿ ಬೆಳಗುತ್ತಿದ್ದರು. ಈಗ ರಾಣಿಯ ಮುಖದಲ್ಲಿ ಕಣ್ಣು ಮೂಗು ಹುಡುಕಬೇಕು. ಪೂಜೆಯ ನಾಣ್ಯ ಪೂಜೆಗೇ ಇರಲಿ, ಅದು ಬೇರೆ ಮಾತು. ಸಂಗ್ರಹದ್ದನ್ನು ಬೆಳಗಬೇಡ.

ಬೇಲೂರು ಬಸ್
ಸರಿ ಅಕ್ಕ, ನಿಲ್ಲಿಸಿದೆ. ಅಲ್ಯುಮಿನಿಯಂ ಹಾಳೆ, ಅಡುಗೆ ಸೋಡಾ, ಬಿಸಿನೀರು? ಅದರಲ್ಲಿ ತಿಕ್ಕುವುದೇ ಇಲ್ಲವಲ್ಲ.

ಕೆಮಿಸ್ಟ್ರಿ ಮೇಷ್ಟ್ರು
ತಿಕ್ಕುವುದಿಲ್ಲ, ನಿಜ. ಸಲ್ಫೈಡ್ ತಿರುಗಿ ಬೆಳ್ಳಿ ಆಗುತ್ತದೆ. ಆದರೆ ಆ ಬೆಳ್ಳಿ ಮೊದಲಿನ ಜಾಗದಲ್ಲಿ ಮೊದಲಿನ ಹಾಗೆ ಕೂರುವುದಿಲ್ಲ. ನಾಣ್ಯ ಮಂಕಾಗಿ, ಸುಣ್ಣ ಬಳಿದ ಹಾಗೆ ಕಾಣುತ್ತದೆ. ಅಂಗಡಿಯಲ್ಲಿ ಸಿಗುವ ಬೆಳ್ಳಿ ತೊಳೆಯುವ ದ್ರಾವಣದಲ್ಲಿ ಅದ್ದಿದರೂ ಅಷ್ಟೇ. ಪದರದ ಜೊತೆ, ಪದರಕ್ಕೆ ಸೇರಿಹೋಗಿದ್ದ ಬೆಳ್ಳಿಯೂ ಹೋಗುತ್ತದೆ. ಎರಡು ಮೂರು ಸಲ ಅದ್ದಿದರೆ ಮೂಲ ಮೆರುಗು ಸತ್ತುಹೋಗುತ್ತದೆ.

ಅರಸೀಕೆರೆ ಜಂಕ್ಷನ್
ಹಾಗೆ ಮೆರುಗು ಸತ್ತ ನಾಣ್ಯಗಳಿಗೇ ಈ ನೀಲಿ ಬಣ್ಣ ಕೊಡುವುದು ಅಲ್ವಾ? ಗೀರೂ ಮುಚ್ಚುತ್ತದೆ, ರೇಟೂ ಏರುತ್ತದೆ.

ಒರೆಗಲ್ಲು
ಬಹಳ ಸಲ ಹಾಗೇ. ಹುಡುಗನಿಗೆ ಇನ್ನೊಂದು ಪರೀಕ್ಷೆ. ನಾಣ್ಯವನ್ನು ಒಂದೇ ಬಲ್ಬಿನ ಕೆಳಗೆ ಅಂಚಿನಲ್ಲಿ ಹಿಡಿದು ನಿಧಾನ ಓಲಾಡಿಸಿ. ಬಣ್ಣದ ಕೆಳಗೆ ಬೆಳಕಿನ ಪಟ್ಟೆ ಗಾಡಿ ಚಕ್ರದ ಕಡ್ಡಿಯ ಹಾಗೆ ತಿರುಗಬೇಕು. ತಿರುಗದೆ ಸತ್ತ ಹಾಗಿದ್ದರೆ ಮೆರುಗು ಹೋಗಿದೆ. ಆಮೇಲೆ ಗೀರು ನೋಡಿ. ಗೀರಿನ ಒಳಗೆ ಬೆಳ್ಳಗಿದೆಯಾ, ಬಣ್ಣ ಇದೆಯಾ? ಬೆಳ್ಳಗಿದ್ದರೆ ಬಣ್ಣ ಬಂದ ಮೇಲೆ ಬಿದ್ದ ಗೀರು. ಗೀರಿನ ಒಳಗೇ ಬಣ್ಣ ಗಾಢವಾಗಿ ಕೂತಿದ್ದರೆ ಮೊದಲು ತಿಕ್ಕಿದ್ದಾರೆ, ಆಮೇಲೆ ಬಣ್ಣ ಬಂದಿದೆ.

ಹಳೇಬೀಡು ಹೊಲ
ವಿಷಯಾಂತರಕ್ಕೆ ಕ್ಷಮಿಸಿ. ಅನುಮಾನ ಇದ್ದರೆ ನಾಣ್ಯ ಪರೀಕ್ಷಿಸಿ ದರ್ಜೆ ಕೊಡುವ ಅಮೆರಿಕದ ಗ್ರೇಡಿಂಗ್ ಕಂಪನಿಗೆ ಕಳಿಸಿ, ಸೀಲ್ ಮಾಡಿದ ಡಬ್ಬಿ ಹಾಕಿಸಿಕೊಳ್ಳಬಹುದಲ್ವಾ? ಪಿಸಿಜಿಎಸ್ ಅನ್ನುವ ಅಂಥ ಒಂದು ಕಂಪನಿಯವರು ಅನುಮಾನದ ಬಣ್ಣಕ್ಕೆ 91 ಅಂತ ಒಂದು ಕೋಡ್ ಇಟ್ಟಿದ್ದಾರೆ ಅಂತ ಓದಿದ್ದೆ.

ಒರೆಗಲ್ಲು
ಕೋಡ್ ಇದೆ, ನಿಜ. ಆದರೆ 1918ರ ನಾಣ್ಯಕ್ಕೆ 100 ವರ್ಷ ದಾಟಿತು. 1972ರ ಪ್ರಾಚ್ಯವಸ್ತು ಕಾಯ್ದೆ ಪ್ರಕಾರ 100 ವರ್ಷ ಆದ ನಾಣ್ಯ ಪ್ರಾಚ್ಯವಸ್ತು. ಖಾಸಗಿಯವರು ಅದನ್ನು ದೇಶದಿಂದ ಹೊರಗೆ ಕಳಿಸುವ ಹಾಗಿಲ್ಲ. ಒಂದು ರೂಪಾಯಿಯ ಬಣ್ಣಕ್ಕಾಗಿ ಕಾನೂನು ಮುರಿಯಬೇಡಿ.

ಹಳೇಬೀಡು ಹೊಲ
ಇದು ಗೊತ್ತೇ ಇರಲಿಲ್ಲ. ಒಳ್ಳೆಯದಾಯಿತು ಕೇಳಿದ್ದು. ನಮ್ಮ ಕಡೆ ಹೊಯ್ಸಳರ ಕಾಲದ ಹೊನ್ನು ಸಿಕ್ಕಿತು ಅಂತ ಆಗಾಗ ಮಾತು ಏಳುತ್ತದೆ. ಅದಕ್ಕೂ ಈ ಬಣ್ಣ ಬರುತ್ತದಾ?

ಕೆಮಿಸ್ಟ್ರಿ ಮೇಷ್ಟ್ರು
ಶುದ್ಧ ಚಿನ್ನ ಗಂಧಕಕ್ಕೆ ಜಗ್ಗುವುದಿಲ್ಲ. ವಿಷ್ಣುವರ್ಧನನ "ಶ್ರೀ ತಳಕಾಡುಗೊಂಡ" ಅನ್ನುವ ಕನ್ನಡ ಬರಹದ ನಾಣ್ಯಗಳು ಇಷ್ಟು ಶತಮಾನ ಆದರೂ ಹಳದಿಯಾಗೇ ಇವೆ. ಬೆರಕೆಯಲ್ಲಿ ಬೆಳ್ಳಿ, ತಾಮ್ರ ಇದ್ದರೆ ಸ್ವಲ್ಪ ಕೆಂಪು ಛಾಯೆ ಬರಬಹುದು, ಅಷ್ಟೇ.

ಚಿಕ್ಕಮಗಳೂರು ಅಕ್ಕ
ಹೊಲದಲ್ಲಿ ಯಾರಿಗಾದರೂ ನಿಜವಾಗಿ ಸಿಕ್ಕಿದರೆ 1878ರ ನಿಧಿ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿಗೆ ತಿಳಿಸಬೇಕು. ಗುಟ್ಟಾಗಿ ಮಾರಲು ಹೋಗಿ ತೊಂದರೆಗೆ ಸಿಕ್ಕಿಕೊಳ್ಳುವುದು ಬೇಡ.

ಈಗ ನನ್ನ ಮನೆಯ ಕಥೆ ಹೇಳುತ್ತೇನೆ, ಹುಡುಗನಿಗೆ ಉಪಯೋಗ ಆಗಬಹುದು. ನಮ್ಮ ತವರು ಕೊಪ್ಪದ ಹತ್ತಿರ. ಅಜ್ಜಿ ತೀರಿಕೊಂಡ ಮೇಲೆ ಅಡುಗೆಮನೆಯ ಅಟ್ಟ ಖಾಲಿ ಮಾಡುವಾಗ ಒಂದು ತಾಮ್ರದ ಚೊಂಬು ಸಿಕ್ಕಿತು. ಬಾಯಿಗೆ ಹಳೇ ಸೀರೆ ತುಂಡು ಕಟ್ಟಿದ್ದರು. ಒಳಗೆ ಒಂದು ಗಂಟು, ಗಂಟಿನಲ್ಲಿ 23 ಬೆಳ್ಳಿ ರೂಪಾಯಿ. ಹೊಗೆ ಸುತ್ತುವ ಅಟ್ಟ, ಕೆಳಗೆ ದಿನವೂ ಒಲೆ. ಗಂಟಿನ ಹೊರಗಿದ್ದ ರೂಪಾಯಿಗಳು ಕಪ್ಪಗಿದ್ದವು. ಒಳಗಿನವು ಮೊಸರಿನ ಹಾಗೆ ಬೆಳ್ಳಗಿದ್ದವು. ನಡುವಿನ ನಾಲ್ಕೈದಕ್ಕೆ ಮಾತ್ರ ಬಣ್ಣ ಬಂದಿತ್ತು.

ಅದರಲ್ಲೂ 1907ರ ಒಂದು ರೂಪಾಯಿ, ಏಳನೇ ಎಡ್ವರ್ಡ್ ತಲೆಯದು. ಅದರ ಮೇಲೆ ಇನ್ನೊಂದು ರೂಪಾಯಿ ಓರೆಯಾಗಿ ಕೂತಿತ್ತು. ಮುಚ್ಚಿದ್ದ ಭಾಗ ಬೆಳ್ಳಗೆ, ತೆರೆದಿದ್ದ ಭಾಗ ಬಿದಿಗೆ ಚಂದ್ರನ ಹಾಗೆ ಬಾಗಿದ ಬಣ್ಣ. ಹೊರ ಅಂಚಿನಲ್ಲಿ ನೀಲಿ, ಒಳಕ್ಕೆ ನೇರಳೆ, ಆಮೇಲೆ ಕೆಂಪು, ಆಮೇಲೆ ಜೇನಿನ ಹಳದಿ, ಅಲ್ಲಿಂದ ಬಿಳಿ. ಹಿಂದೆ ತಿರುಗಿಸಿದರೆ ಬಣ್ಣವೇ ಇಲ್ಲ! ಬಟ್ಟೆ ತಾಗಿದ ಕಡೆ ಮಾತ್ರ ನೂಲಿನ ಚೌಕ ಚೌಕದ ಗುರುತು. ಆ ಗುರುತನ್ನು ನಾನು ಬೆರಳಲ್ಲೂ ಮುಟ್ಟುವುದಿಲ್ಲ. ಅಜ್ಜಿಯ ಸೀರೆಯ ನೂಲು ಅದು.

ಬಣ್ಣ ತಾನಾಗಿ ಬಂದಿದ್ದರೆ ನಾಣ್ಯ ಹೇಗೆ ಕೂತಿತ್ತು ಅಂತ ಅದೇ ಹೇಳುತ್ತದೆ. ಯಾವ ಬದಿ ಮೇಲಿತ್ತು, ಯಾವುದು ಮುಚ್ಚಿತ್ತು ಅಂತ ತಿಳಿಯುತ್ತದೆ. ಹುಡುಗನ ರೂಪಾಯಿ ಪೆಟ್ಟಿಗೆಯಲ್ಲಿ ಮಖಮಲ್ ಮೇಲೆ 80 ವರ್ಷ ಕೂತಿದ್ದರೆ ಎರಡು ಬದಿಗೂ ಒಂದೇ ಬಣ್ಣ ಹೇಗೆ ಬಂತು? ಒಂದು ಬದಿ ಬಟ್ಟೆಗೆ, ಒಂದು ಬದಿ ಗಾಳಿಗೆ ಅಲ್ವಾ?

ಒರೆಗಲ್ಲು
ಅಕ್ಕಾ, ಎಂಥ ಮಾತು ಹೇಳಿದಿರಿ. ಅಮೆರಿಕದ ಮಾರ್ಗನ್ ಡಾಲರ್ ಅನ್ನುವ ಹಳೇ ಬೆಳ್ಳಿ ನಾಣ್ಯಗಳಲ್ಲಿ ಜನ ಮುಗಿಬಿದ್ದು ಕೊಳ್ಳುವುದು ಇದೇ ಥರದ್ದನ್ನು. ಬ್ಯಾಂಕಿನ ನೆಲಮಾಳಿಗೆಯಲ್ಲಿ ಬಟ್ಟೆಯ ಚೀಲಗಳಲ್ಲಿ ದಶಕಗಟ್ಟಲೆ ಬಿದ್ದಿದ್ದವು. ಚೀಲದ ಬಟ್ಟೆಗೆ ತಾಗಿದ ನಾಣ್ಯದ ಮೇಲೆ ನೂಲಿನ ಗುರುತು, ಇನ್ನೊಂದು ನಾಣ್ಯ ಮುಚ್ಚಿದ ಕಡೆ ಚಂದ್ರನ ಗೆರೆ.

ಕೆಮಿಸ್ಟ್ರಿ ಮೇಷ್ಟ್ರು
ಮಾರ್ಗನ್ ಡಾಲರ್ ಅಂದಾಗ ನೆನಪಾಯಿತು. ಮೊದಲ ಮಹಾಯುದ್ಧದ ಸಮಯದಲ್ಲಿ ಇಲ್ಲಿ ರೂಪಾಯಿಗೆ ಬೆಳ್ಳಿ ಸಾಲದಾದಾಗ ಅಮೆರಿಕ 1918ರಲ್ಲಿ ಪಿಟ್ಮನ್ ಕಾಯ್ದೆ ತಂದು 27 ಕೋಟಿ ಬೆಳ್ಳಿ ಡಾಲರ್ ಕರಗಿಸಿತು. ಅದರ ಬಹುಪಾಲು ಬ್ರಿಟಿಷರ ಮೂಲಕ ಇಂಡಿಯಾಕ್ಕೆ ಬಂತು. ಹುಡುಗನ ರೂಪಾಯಿ ಅದೇ ವರ್ಷದ್ದು. ಬಣ್ಣ ಸುಳ್ಳಾದರೂ ನಾಣ್ಯದ ಹಿಂದೆ ದೊಡ್ಡ ಕಥೆ ಇದೆ.

ಕಾಫಿ ರೈಟರ್
ಮೈಲುತುತ್ತದ ವಿಷಯದಲ್ಲಿ ಮೇಷ್ಟ್ರ ಮಾತು ಒಪ್ಪಿದೆ. ಆದರೆ ನನ್ನದೊಂದು ಪ್ರಶ್ನೆ ಇದೆ, ಯಾರೂ ಸರಿಯಾಗಿ ಉತ್ತರ ಕೊಟ್ಟಿಲ್ಲ. ಗಂಧಕ ಒಂದೇ, ಬೆಳ್ಳಿ ಒಂದೇ, ಪದರ ಒಂದೇ. ಅಕ್ಕನ ಅಜ್ಜಿ ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೆ ಸಹಜ, ಇನ್ನೊಬ್ಬರು ಬೇಕಂತಲೇ ಅದೇ ಅಟ್ಟದಲ್ಲಿ ಇಟ್ಟರೆ ಕೃತಕವಾ? ನನ್ನ ಪರಿಚಯದವರು ಒಬ್ಬರು ನಾಣ್ಯಗಳನ್ನು ಹಳೇ ರಟ್ಟಿನ ಆಲ್ಬಮ್‌ನಲ್ಲಿ ಹಾಕಿ, ಬಣ್ಣ ಬರಲಿ ಅಂತಲೇ 12 ವರ್ಷ ಕಿಟಕಿ ಹತ್ತಿರ ಇಟ್ಟಿದ್ದಾರೆ. ಅದು ಯಾವುದು?

ಅರಸೀಕೆರೆ ಜಂಕ್ಷನ್
ಬೇಕಂತ ಮಾಡಿದರೆ ಕೃತಕ. ಮುಗಿಯಿತು.

ಒರೆಗಲ್ಲು
ಅಷ್ಟು ಸುಲಭ ಅಲ್ಲ ಜಂಕ್ಷನ್ ಅಣ್ಣ. ಆಲ್ಬಮ್‌ನಲ್ಲಿಟ್ಟವರ ಮನಸ್ಸಿನಲ್ಲಿ ಏನಿತ್ತು ಅಂತ ನಾಣ್ಯ ನೋಡಿದರೆ ತಿಳಿಯುವುದಿಲ್ಲ. ಹಳೇ ಕಾಲದ ರಟ್ಟಿನ ಆಲ್ಬಮ್‌ಗಳಲ್ಲಿ ಗಂಧಕ ಇತ್ತು. ಅದರಿಂದ ಅಂಚಿನಿಂದ ಉಂಗುರ ಉಂಗುರವಾಗಿ ಬಂದ ಬಣ್ಣವನ್ನು ಎಲ್ಲರೂ ಒಪ್ಪುತ್ತಾರೆ. ನನ್ನ ಲೆಕ್ಕ ಇಷ್ಟು. ಇಟ್ಟ ಜಾಗದಲ್ಲಿ, ತನ್ನದೇ ವೇಗದಲ್ಲಿ ಬಣ್ಣ ಬಂದಿದ್ದರೆ ತೊಂದರೆ ಇಲ್ಲ. ಒಂದು ರಾತ್ರಿಯಲ್ಲಿ ಬರಿಸಿ, 80 ವರ್ಷ ಅಂತ ಹೇಳಿ ಮಾರಿದರೆ ಅದು ಮೋಸ.

ಕಾಫಿ ರೈಟರ್
ಅಂದರೆ ಮೋಸ ಇರುವುದು ಹೇಳಿದ ಮಾತಿನಲ್ಲಿ, ಬಣ್ಣದಲ್ಲಿ ಅಲ್ಲ.

ಒರೆಗಲ್ಲು
ಎರಡರಲ್ಲೂ. ಅವಸರದ ಬಣ್ಣ ಬಹಳ ಸಲ ಹಾಗೇ ನಿಲ್ಲುವುದೂ ಇಲ್ಲ. ನಾನೇ ಮಾಡಿ ನೋಡಿದ್ದೇನೆ, ಮಾರಲಿಕ್ಕಲ್ಲ, ಕಲಿಯಲಿಕ್ಕೆ. ತೀರಾ ಸವೆದ ಒಂದು ರೂಪಾಯಿ, ಬೇಯಿಸಿದ ಮೊಟ್ಟೆಯ ಹಳದಿ ಭಾಗದಲ್ಲಿ ಅರ್ಧ, ಒಂದು ಸ್ಟೀಲ್ ಡಬ್ಬಿ. ಸಂಜೆ ಮುಚ್ಚಿಟ್ಟೆ. ರಾತ್ರಿ ಮಲಗುವಾಗ ತೆಗೆದು ನೋಡಿದರೆ ತಿಳಿ ಹಳದಿ. ಬೆಳಿಗ್ಗೆ ನೀಲಿ, ಕಂದು. ಮುಚ್ಚಳದಿಂದ ಬೆವರಿನ ಹನಿ ಬಿದ್ದ ಕಡೆ ಒಂದು ದುಂಡು ಮಚ್ಚೆ, ಸುತ್ತ ಚೂಪಾದ ಅಂಚು. "ಒನ್ ರುಪೀ" ಅಕ್ಷರಗಳ ತಲೆಯ ಮೇಲೂ ಬಯಲಿನ ಬಣ್ಣವೇ. ಆರು ತಿಂಗಳು ಬಿಟ್ಟು ನೋಡಿದರೆ ನೀಲಿ ಹೋಗಿ ಕೊಳಕು ಕಂದು ಉಳಿದಿತ್ತು. ಆ ರೂಪಾಯಿಯನ್ನು ಚೀಟಿ ಬರೆದು ಬೇರೆಯೇ ಇಟ್ಟಿದ್ದೇನೆ, ನಾಳೆ ನನ್ನ ಮಕ್ಕಳ ಕೈಯಿಂದಲೂ ಯಾರಿಗೂ ಹೋಗಬಾರದು ಅಂತ.

ಹಾಸನದ ಹುಡುಗ
ಒರೆಗಲ್ಲು ಸರ್, ನೀವು ಹೇಳಿದ ದುಂಡು ಮಚ್ಚೆ ಓದಿದಾಗ ಎದೆ ಧಸಕ್ ಅಂತು. ನನ್ನದರಲ್ಲಿ ಕಿವಿ ಹತ್ತಿರ ಇರುವುದು ಅದೇ.

ಬಲ್ಬಿನ ಕೆಳಗೆ ಓಲಾಡಿಸಿ ನೋಡಿದೆ. ಬೆಳಕು ತಿರುಗುವುದಿಲ್ಲ. ಗಲ್ಲದ ಮೇಲೆ ಒಂದೇ ದಿಕ್ಕಿನ ಸಣ್ಣ ಗೀರುಗಳಿವೆ, ಗೀರಿನ ಒಳಗೆ ನೇರಳೆ ಇದೆ. ಅಂಗಡಿಯಿಂದ ಅಸಿಟೋನ್ ತರಲಾ? ಅದರಲ್ಲಿ ಹಾಕಿದರೆ ಗೊತ್ತಾಗುತ್ತದೆ ಅಂತ ಒಬ್ಬರು ಹೇಳಿದರು.

ಕೆಮಿಸ್ಟ್ರಿ ಮೇಷ್ಟ್ರು
ಅಸಿಟೋನ್‌ನಿಂದ ಬಣ್ಣದ ಶಾಯಿ, ವಾರ್ನಿಷ್, ಎಣ್ಣೆ, ಪಿವಿಸಿ ಕವರ್‌ನ ಹಸಿರು ಅಂಟು, ಇವು ಹೋಗುತ್ತವೆ. ಸಲ್ಫೈಡ್ ಹೋಗುವುದಿಲ್ಲ. ಹಾಗಾಗಿ ಬಣ್ಣ ಕರಗಿದರೆ ಬಳಿದದ್ದು ಖಚಿತ. ಕರಗದಿದ್ದರೆ ಸಹಜ ಅಂತ ಅರ್ಥ ಅಲ್ಲ. ಶುದ್ಧ ಅಸಿಟೋನ್ ಬೇಕು, ನೇಲ್ ಪಾಲಿಶ್ ತೆಗೆಯುವ ಸೀಸೆ ಬೇಡ, ಅದರಲ್ಲಿ ಎಣ್ಣೆ, ಸೆಂಟು ಬೆರೆಸಿರುತ್ತಾರೆ. ಗಾಜಿನ ಬಟ್ಟಲು, ಕಿಟಕಿ ತೆರೆದಿರಲಿ, ಹತ್ತಿರ ಒಲೆ, ದೀಪ ಇರಬಾರದು. ತಿಕ್ಕಬೇಡಿ.

ಅರಸೀಕೆರೆ ಜಂಕ್ಷನ್
ವಾಪಸ್ ಕೊಡುವ ನಾಣ್ಯಕ್ಕೆ ಅದೆಲ್ಲ ಬೇಡ. "ನೀನೇ ಏನೋ ಮಾಡಿದ್ದೀಯ" ಅಂತ ತಿರುಗಿ ಬೀಳುತ್ತಾರೆ.

ಚಿಕ್ಕಮಗಳೂರು ಅಕ್ಕ
ಜಂಕ್ಷನ್ ಹೇಳಿದ್ದು ಸರಿ. ಹಾಗೇ ತಗೊಂಡು ಹೋಗು ತಮ್ಮ. ಜಗಳ ಬೇಡ. ಗಲ್ಲದ ಗೀರು, ಕಿವಿಯ ಮಚ್ಚೆ, ಎರಡನ್ನೂ ತೋರಿಸು. ಬಂಗಲೆ ಕಥೆಯ ಬಗ್ಗೆ ಮಾತೇ ಎತ್ತಬೇಡ.

ಮೂಡಿಗೆರೆ ಮಳೆ
ತಡವಾಗಿ ಓದಿದೆ. ಮಲೆನಾಡಿನವರು ನಾಣ್ಯ ಎಲ್ಲಿಡಬೇಕು ಅಂತ ಯಾರೂ ಹೇಳಲಿಲ್ಲ. ನಮ್ಮ ಮನೆಯಲ್ಲಿ ಬೀರುವಿನ ಬಟ್ಟೆಗೂ ಬೂಷ್ಟು ಹಿಡಿಯುತ್ತದೆ.

ಒರೆಗಲ್ಲು
ಪಿವಿಸಿ ಕವರ್ ತೆಗೆದು ಮೈಲಾರ್ (ಪಾಲಿಯೆಸ್ಟರ್) ಕವರ್‌ಗೆ ಹಾಕಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಮಳೆಗಾಲದಲ್ಲಿ ಪೊಟ್ಟಣ ಆಗಾಗ ಬದಲಿಸಿ. ಉಣ್ಣೆ, ರಬ್ಬರ್ ಬ್ಯಾಂಡ್, ನ್ಯೂಸ್ ಪೇಪರ್ ಹತ್ತಿರ ಬೇಡ. ಅಡುಗೆಮನೆ ಅಂತೂ ಬೇಡವೇ ಬೇಡ.

ಹಾಸನದ ಹುಡುಗ
ಎಲ್ಲರಿಗೂ ತಿಳಿಸಬೇಕು ಅಂತ ಬಂದೆ. ನಿನ್ನೆ ಅಪ್ಪನನ್ನೂ ಕರೆದುಕೊಂಡು ಹೋಗಿದ್ದೆ. ಮಾರಿದವರ ಕೈಗೇ ಭೂತಗನ್ನಡಿ ಕೊಟ್ಟು ಗಲ್ಲ ನೋಡಿ ಅಂದೆ. ತುಂಬಾ ಹೊತ್ತು ನೋಡಿದರು. ತಾವೂ ಇನ್ನೊಬ್ಬರಿಂದ ತಗೊಂಡದ್ದು ಅಂದರು. 6,500 ವಾಪಸ್ ಕೊಟ್ಟರು, 500 ಹಿಡಿದುಕೊಂಡರು. ಅಪ್ಪ ಸಾಕು ಬಿಡು ಅಂದರು.

ಬರುವಾಗ ಅದೇ ಟೇಬಲ್‌ನಿಂದ 1918ರ ಇನ್ನೊಂದು ರೂಪಾಯಿ ತಂದೆ, 2,800ಕ್ಕೆ. ಬೂದು ಬಣ್ಣ, ಅಕ್ಷರದ ಸಂದಿಯಲ್ಲಿ ಕಪ್ಪು, ಗಡ್ಡದ ಮೇಲೆ ಬಿಳಿ. ಹಿಂದೆ ಕೆಳಗೆ ಕಮಲದ ಹತ್ತಿರ ಸಣ್ಣ ಚುಕ್ಕೆ ಇದೆ. ಬಾಂಬೆ ಟಂಕಸಾಲೆ ಅಲ್ವಾ?

ಒರೆಗಲ್ಲು
ಹೌದು, ಬಾಂಬೆ. ಚುಕ್ಕೆ ಇಲ್ಲದಿದ್ದರೆ ಕಲ್ಕತ್ತಾ. ಒಳ್ಳೇ ನಾಣ್ಯ ತಂದಿದ್ದೀರಿ.

ಬೇಲೂರು ಬಸ್
ಅಕ್ಕ, ಆ 1907ರ ರೂಪಾಯಿ ಫೋಟೋ ಹಾಕಿ. ನೂಲಿನ ಗುರುತು ನೋಡಬೇಕು.

ಚಿಕ್ಕಮಗಳೂರು ಅಕ್ಕ
ಲೈಟ್ ಹಾಕಿ ತೆಗೆದರೆ ಬಣ್ಣ ಸರಿಯಾಗಿ ಬರುವುದಿಲ್ಲ ತಮ್ಮ, ಬಿಸಿಲು ಬೇಕು. ಇಲ್ಲಿ ಮೂರು ದಿನದಿಂದ ಮಳೆ ಬಿಟ್ಟಿಲ್ಲ. ಬಿಟ್ಟ ದಿನ ಮೊದಲು ಅದನ್ನೇ ತೆಗೆದು ಹಾಕುತ್ತೇನೆ.